ಎರವಲು ಗಂಟಲು

ಹೆಡ್‌ಮೇಷ್ಟ್ರ ಕೊಡೆ ಇವತ್ತೂ ಅದೇ ಜಾಗದಲ್ಲಿ, ಉಪಾಧ್ಯಾಯರ ಕೋಣೆಯ ಬಾಗಿಲ ಪಕ್ಕದ ಗೋಡೆಗೆ, ಏಪ್ರಿಲ್‌ನಲ್ಲಿ ಹೇಗೆ ಒರಗಿಕೊಂಡಿತ್ತೋ ಹಾಗೇ ಒರಗಿಕೊಂಡಿರುವುದನ್ನು ಕಂಡು ಮಹದೇವುವಿಗೆ ಸೈಕಲ್ಲಿಗೆ ಬೀಗ ಹಾಕುವುದೇ ಮರೆತುಹೋಯಿತು. ಕೊಡೆಗೆ ಏನು ಗೊತ್ತು? ಕಪ್ಪು ಬಟ್ಟೆ, ಬಿದಿರಿನ ಹಿಡಿ, ಹಿಡಿಯ ಮೇಲೆ ಚಾಕುವಿನಿಂದ ಕೆತ್ತಿದ 'ಕೃ' ಅನ್ನುವ ಒಂದೇ ಅಕ್ಷರ. ಆದರೂ ಅದು ತನ್ನನ್ನು ನೋಡಿ ಗಂಟಲು ಸರಿಮಾಡಿಕೊಂಡಂತೆ ಅವನಿಗೆ ಅನ್ನಿಸಿತು. ಜೂನ್ ತಿಂಗಳ ಮೊದಲ ಸೋಮವಾರ. ರಾಜ್ಯ ಒಂದಾದ ಮರುವರ್ಷ. ಬನ್ನಿಮಂಟಪದ ರಸ್ತೆಯ ಈ ಪ್ರಾಥಮಿಕ ಶಾಲೆ ಬೇಸಗೆಯ ರಜೆ ಮುಗಿಸಿ ಬಾಗಿಲು ತೆರೆಯುವ ದಿನ, ಹೊಸ ಮಕ್ಕಳನ್ನೂ ಅವರ ಅಪ್ಪ ಅಮ್ಮ ಅಜ್ಜಿಯರನ್ನೂ ಅಂಗಳದಲ್ಲಿ ಕೂರಿಸಿ ಸ್ವಾಗತ ಹೇಳುವ ದಿನ. ವಿದ್ಯಾರಣ್ಯಪುರದ ಬಾಡಿಗೆ ಕೋಣೆಯಿಂದ ಊರಿನ ಈ ತುದಿಗೆ ಪೆಡಲು ತುಳಿಯುತ್ತಾ ಬರುವಾಗ ದಾರಿಯುದ್ದಕ್ಕೂ ಅವನು ತನಗೆ ತಾನೇ ಒಂದು ಮಾತು ಹೇಳಿಕೊಂಡು ಬಂದಿದ್ದ. ದೊಡ್ಡ ಗಡಿಯಾರದ ಹತ್ತಿರ 'ಅವರು ಕೇಳಿಸಿಕೊಂಡಿಲ್ಲ' ಅಂತಿದ್ದ ಮಾತು ಮಾರ್ಕೆಟ್ಟಿನ ಮುಂದೆ 'ಕೇಳಿಸಿಕೊಂಡಿರಲಾರರು' ಅಂತಾಗಿ, ದೊಡ್ಡಾಸ್ಪತ್ರೆ ದಾಟುವ ಹೊತ್ತಿಗೆ 'ಕೇಳಿಸಿಕೊಂಡಿದ್ದರೂ ಇರಬಹುದು' ಅಂತಾಗಿ, ಶಾಲೆಯ ಗೇಟಿಗೆ ಬಂದು ಕಾಲೂರಿದಾಗ 'ಕೇಳಿಸಿಕೊಂಡೇ ಇದ್ದಾರೆ' ಅಂತ ನಿಂತಿತ್ತು. ಹಣೆಗೆ ಇಳಿದಿದ್ದ ಗುಂಗುರು ಕೂದಲನ್ನು ಕೆಳತುಟಿ ಮುಂದೆ ಚಾಚಿ 'ಉಫ್' ಎಂದು ಮೇಲಕ್ಕೆ ಊದಿ, ಮಹದೇವು ಕೊಡೆಯನ್ನು ಸುತ್ತುಹಾಕಿ, ಅದಕ್ಕೆ ತಾಗದಂತೆ ಒಳಗೆ ಹೋದ.

ಏಪ್ರಿಲ್‌ನ ಕೊನೆಯ ದಿನ, ಪಾಸು ಫೇಲಿನ ಪಟ್ಟಿ ಅಂಟಿಸಿದ ಮೇಲೆ, ಮೂರನೇ ತರಗತಿಯ ಮೇಷ್ಟ್ರು ಗೋವಿಂದರಾಜು "ಗುರುವೇ, ರಜಾ ಶುರುವಾಗೋಕೆ ಮುಂಚೆ ಒಂದ್ಸಲ ಆಗೋಗ್ಲಿ" ಅಂದಿದ್ದ. ಯಾರಾದರೂ ಹಾಗೆ ಅಂದರೆ ಸಾಕು, ಮಹದೇವುವಿನ ಗಂಟಲಿನಲ್ಲಿ ಬಾಡಿಗೆಗಿದ್ದವರೆಲ್ಲ ಒಬ್ಬೊಬ್ಬರಾಗಿ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದರು. ಚಿಲ್ಲರೆ ಕೊಡದ ಬಸ್ ಕಂಡಕ್ಟರು, ಹವಾಮಾನ ವರದಿಯನ್ನು ಮದುವೆಯ ಲಗ್ನಪತ್ರಿಕೆಯ ಹಾಗೆ ಓದುವ ರೇಡಿಯೋದ ಹೆಂಗಸು, ತಪಾಸಣೆಗೆ ಬಂದು ಉಪ್ಪಿಟ್ಟನ್ನೇ ತಪಾಸಣೆ ಮಾಡಿ ಹೋದ ಇನ್‌ಸ್ಪೆಕ್ಟರು. ಕೊನೆಗೆ, ಯಾವಾಗಲೂ ಕೊನೆಗೆ, ಹೆಡ್‌ಮೇಷ್ಟ್ರು. ಸ್ಟೂಲಿನ ಮೇಲೆ ಹತ್ತಿ, ಹಳೆಯ ಪತ್ರಿಕೆಯನ್ನು ಪೇಟದ ಹಾಗೆ ಸುತ್ತಿಕೊಂಡು, ಹದಿನೆಂಟು ವರ್ಷದಿಂದ ಒಂದಕ್ಷರ ಬದಲಾಗದ ಅವರ ಜೂನ್ ತಿಂಗಳ ಸ್ವಾಗತ ಭಾಷಣವನ್ನು ಅವನು ಪೂರ್ತಿ ಒಪ್ಪಿಸಿದ್ದ. ನಸ್ಯದಿಂದ ಕಟ್ಟಿದ ಮೂಗಿನ ಆ ದನಿ. ಪ್ರತಿ ವಾಕ್ಯದ ನಡುವೆ, ಎತ್ತಿನಗಾಡಿ ಹಳ್ಳಕ್ಕಿಳಿದು ಹತ್ತುವಷ್ಟು ಹೊತ್ತು ಹಿಡಿಯುವ ಆ ಬಿಡುವು. ಕನ್ನಡಕ ತೆಗೆದು ಎಡಗೈಯಿಂದ ಉತ್ತರೀಯದ ಅಂಚಿಗೆ ಮೂರು ಸಲ ಒರೆಸಿ ಮತ್ತೆ ಕಿವಿಗೆ ಏರಿಸುವುದು. ಒಂದನೇ ತರಗತಿಯ ಶಾಂತಾದೇವಿಯವರು ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಇದ್ದಕ್ಕಿದ್ದಂತೆ ಅವರ ನಗು ನಿಂತಿತು. ಮಹದೇವು ತಿರುಗಿ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿ ಕೊಡೆ ನಿಂತಿತ್ತು. ಭಾಷಣ ಶುರುವಾದಾಗ ಅಲ್ಲಿ ಇಲ್ಲದ ಕೊಡೆ.

"ಗಾಳಿ ಕಣಯ್ಯ, ಗಾಳಿಗೆ ಬಾಗ್ಲು ಅಲ್ಲಾಡ್ತು," ಅಂದಿದ್ದ ಗೋವಿಂದರಾಜು.

"ಗಾಳಿ ಯಾವತ್ತಿಂದ ಕೊಡೆ ಹಿಡ್ಕೊಂಡು ಓಡಾಡೋಕೆ ಶುರು ಮಾಡ್ತು?" ಅಂದಿದ್ದ ಮಹದೇವು. ಆಮೇಲೆ ನಕ್ಕಿದ್ದ. ಆ ನಗು ಯಾರದ್ದೆಂದು ಅವನಿಗೇ ಗುರುತಾಗಿರಲಿಲ್ಲ.

ಅಮ್ಮ ದೇವಿರಮ್ಮ ರಜೆಯಲ್ಲಿ ಹಲಸಿನ ಹಣ್ಣು ಬಿಡಿಸುತ್ತಾ, ಕೈಗೆ ಎಣ್ಣೆ ಸವರಿಕೊಳ್ಳುತ್ತಾ, ಪ್ರತಿ ವರ್ಷ ಹೇಳುವ ಕತೆಯನ್ನು ಈ ವರ್ಷವೂ ಹೇಳಿದಳು. ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು. "ನಿನ್ನ ಸ್ಕೂಲಿಗೆ ಸೇರ್ಸಕ್ಕೆ ಓದಾಗ ಕಿವೀನೇ ಸಿಕ್ನಿಲ್ಲ ಕಣೋ ನಿಂಗೆ. ಕೈ ಅನ್ನೋದು ಬೆಂಡೇಕಾಯಿ ಆಗಿತ್ತು. ಆ ಕೃಷ್ಣಸ್ವಾಮಿ ಮೇಷ್ಟ್ರು ಆವಾಗಿನ್ನೂ ಹುಡುಗ್ರು, ಏನೋ ಮಾಡುದ್ರಪ್ಪ, ನೀ ನಕ್ಬುಟ್ಟೆ, ಕಿವಿ ಸಿಕ್ಬುಡ್ತು." ಏನು ಮಾಡಿದರು ಅಂದರೆ ಅವಳಿಗೆ ನೆನಪಿಲ್ಲ; ಅವಳು ಆ ಹೊತ್ತಿಗೆ ಕಣ್ಣುಮುಚ್ಚಿ ಮನೆದೇವರಿಗೆ ಹರಕೆ ಹೊರುತ್ತಿದ್ದಳು. ಅವನಿಗೂ ನೆನಪಿಲ್ಲ. ನೆನಪಿರುವುದು ತಲೆಯ ಮೇಲೆ ಸೆಟೆದುಕೊಂಡಿದ್ದ ತನ್ನದೇ ತೋಳು, ಕಂಕುಳಿಗೆ ತಾಗಿದ ತಣ್ಣನೆಯ ಗಾಳಿ. ಹುಟ್ಟಿದ ತಾರೀಖು ಯಾರ ಮನೆಯಲ್ಲೂ ಬರೆದಿಟ್ಟುಕೊಳ್ಳದ ಕಾಲ. ಕೆರೆ ಕೋಡಿ ಬಿದ್ದ ವರ್ಷ, ಚಿಕ್ಕಪ್ಪನ ಮದುವೆಯ ಹಿಂದಿನ ಸುಗ್ಗಿ, ಹೀಗೆ ಹುಟ್ಟಿದವರೇ ಎಲ್ಲ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಮಗುವಿಗೆ ಆರು ತುಂಬಿತು ಅಂತ ಅರ್ಥ. ಆಗ ದಾಖಲೆ ಪುಸ್ತಕದಲ್ಲಿ ಜೂನ್ ಒಂದು ಅಂತ ಹುಟ್ಟಿದ ದಿನ ಬಿದ್ದು, ಮಗು ಎರಡನೇ ಸಲ ಹುಟ್ಟುತ್ತದೆ. ಮುಟ್ಟದಿದ್ದರೆ ಮುಂದಿನ ವರ್ಷ ಬಾ. "ಕಿವಿ ಸುಳ್ಳು ಹೇಳೋದಿಲ್ಲ," ಎನ್ನುವುದು ಈಗ ಹೆಡ್‌ಮೇಷ್ಟ್ರಾಗಿರುವ ಈ ಕೃಷ್ಣಸ್ವಾಮಿಯವರ ನಿಯಮ. ಯಾರ ಶಿಫಾರಸೂ ಆ ಕಿವಿಗೆ ಬೀಳುತ್ತಿರಲಿಲ್ಲ. ಅಂದರೆ ಮಹದೇವುವಿಗೆ ಹುಟ್ಟಿದ ಹಬ್ಬ ಅಂತ ಒಂದಿದ್ದರೆ ಅದನ್ನು ಕೊಟ್ಟವರು ಅವರು. ಮಗ್ಗಿ ಕಲಿಸಿದವರು ಅವರು. ಕಾಲೇಜು ಓದಿ ಬಂದವನಿಗೆ ಇದೇ ಶಾಲೆಯಲ್ಲಿ ಕೆಲಸಕ್ಕೆ ಅರ್ಜಿ ಬರೆಸಿ, ಅರ್ಜಿಯಲ್ಲಿದ್ದ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಮತ್ತೆ ಬರೆಸಿದವರೂ ಅವರೇ. ಅಂಥವರನ್ನು ಸ್ಟೂಲು ಹತ್ತಿಸಿ ನಗೆಗೆ ಇಟ್ಟವನು ತಾನು. ಹಲಸಿನ ತೊಳೆಯನ್ನು ಬಾಯಿಗಿಡದೆ ತಟ್ಟೆಗೇ ಹಾಕಿದ್ದ. ಕೆಲಸ ಹೋದೀತೆಂಬ ಭಯ ಅಲ್ಲ ಅದು, ಹಾಗಾಗಿದ್ದರೆ ಲೇಸಾಗಿರುತ್ತಿತ್ತು. ಅವರು ಕೇಳಿಸಿಕೊಂಡು, ಏನೂ ಅನ್ನದೆ, ಕೊಡೆಯನ್ನೂ ಮರೆತು, ಬಿಸಿಲಲ್ಲಿ ಮನೆಗೆ ನಡೆದುಹೋದರೇ? ಆ ಒಂದು ಚಿತ್ರ, ಬಿಸಿಲಲ್ಲಿ ಬರಿಗೈಯಲ್ಲಿ ನಡೆಯುವ ಅವರ ಬೆನ್ನು, ರಜೆ ಪೂರ್ತಿ ಅವನ ಹಿಂದೆಯೇ ಬಂದಿತ್ತು.

"ಮಹದೇವು ಬಂದ್ನೇನ್ರಿ?" ಎನ್ನುವ ದನಿ ಕೇಳಿಸುತ್ತದೆಂದು ಬೆನ್ನನ್ನೆಲ್ಲ ಕಿವಿ ಮಾಡಿಕೊಂಡು ನಿಂತಿದ್ದ. ಕೇಳಿಸಲಿಲ್ಲ. ಬದಲಿಗೆ ಬಾಗಿಲಲ್ಲಿ ಒಂದು ಸ್ಲೇಟು ಕಾಣಿಸಿತು. ಸ್ಲೇಟಿನ ಹಿಂದೆ ಜರಿಪೇಟ, ಕ್ಲೋಸ್ ಕಾಲರಿನ ಕೋಟು, ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡ ಕನ್ನಡಕ. ಒಟ್ಟಿನಲ್ಲಿ ಶಾಲೆ ತೆರೆಯುವ ದಿನದ ಪೂರ್ಣ ಅಲಂಕಾರದಲ್ಲಿ ಹೆಡ್‌ಮೇಷ್ಟ್ರು ಕೃಷ್ಣಸ್ವಾಮಿಯವರು. ಕೊರಳಿಗೆ ಮಾತ್ರ ಉತ್ತರೀಯವನ್ನು ಎರಡು ಸುತ್ತು ಸುತ್ತಿದ್ದರು. ಮೆಣಸಿನ ಕಷಾಯದ ವಾಸನೆ ಅವರಿಗಿಂತ ಒಂದು ಹೆಜ್ಜೆ ಮುಂದೆ ಬರುತ್ತಿತ್ತು.

"ಶನಿವಾರದಿಂದ ದನಿಯೇ ಇಲ್ಲವಂತೆ," ಶಾಂತಾದೇವಿಯವರು ಹೇಳಿದರು. "ನೆಂಟರ ಮನೆ ಬೀಗರೂಟ. ಮಾವಿನ ಹಣ್ಣಿನ ಸೀಕರಣೆ, ಹಲಸಿನ ಹಣ್ಣಿನ ಮುಳುಕ, ಮೇಲೆ ಮಜ್ಜಿಗೆ. ಮನೆಯವರು ಭಾನುಮತಮ್ಮನವರು ಬೇಡ ಬೇಡ ಅಂದರೂ ಕೇಳಲಿಲ್ಲವಂತೆ."

ಗೋವಿಂದರಾಜು ತಲೆ ತಗ್ಗಿಸಿ ಮಹದೇವುವಿನ ಕಿವಿಯಲ್ಲಿ, "ನೋಡ್ದ್ಯಾ? ವ್ಯಂಜನ ಜಾಸ್ತಿ ಆಯ್ತು, ಸ್ವರ ಹೋಯ್ತು," ಅಂದ. ಬೇರೆ ದಿನವಾಗಿದ್ದರೆ ಮಹದೇವು ಈ ಮಾತಿಗೆ ಇನ್ನೊಂದು ಪೋಣಿಸುತ್ತಿದ್ದ. ಇವತ್ತು ಅವನ ಕಣ್ಣು ಸ್ಲೇಟಿನ ಮೇಲಿತ್ತು. ಹೆಡ್‌ಮೇಷ್ಟ್ರು ಬಳಪದಿಂದ ತಮ್ಮ ದುಂಡನೆಯ ಅಕ್ಷರದಲ್ಲಿ, ತಲೆಕಟ್ಟು ಕೊಂಬು ಒಂದನ್ನೂ ಬಿಡದೆ, ಅವಸರವಿಲ್ಲದೆ ಬರೆದು, ಸ್ಲೇಟನ್ನು ಅವನ ಕಡೆಗೆ ತಿರುಗಿಸಿದರು. 'ಇವತ್ತು ಸ್ವಾಗತ ಭಾಷಣ ನೀನು ಮಾಡು.'

"ನಾನಾ ಸಾರ್? ಗೋವಿಂದರಾಜು ನನಗಿಂತ ಸೀನಿಯರ್ರು..."

ಹೆಡ್‌ಮೇಷ್ಟ್ರು ಉತ್ತರೀಯದ ತುದಿಯಿಂದ ಒರೆಸಿ ಮತ್ತೆ ಬರೆದರು. 'ನಿನಗೆ ಬಾಯಿಪಾಠ ಇದೆ.'

ಪೂರ್ಣವಿರಾಮ. ಬಳಪದ ಚುಕ್ಕೆ ಸ್ಲೇಟಿಗೆ 'ಟಕ್' ಎಂದು ತಾಗಿದ ಸದ್ದು. ಮಹದೇವು ಅವರ ಮುಖ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ. ಬಾಯಿಪಾಠ ಇದೆ ಅಂದರೆ? ಆರು ವರ್ಷ ವಿದ್ಯಾರ್ಥಿಯಾಗಿ, ಮೂರು ವರ್ಷ ಮೇಷ್ಟರಾಗಿ ಕೇಳಿದ್ದೀಯೆ, ಅದರಿಂದ ಬಾಯಿಪಾಠವೋ? ಇಲ್ಲ ಸ್ಟೂಲಿನ ಮೇಲೆ ನಿಂತು ಒಪ್ಪಿಸಿದ್ದೀಯಲ್ಲ, ಆ ಬಾಯಿಪಾಠವೋ? ಅವರ ಗಂಟಲು ನಿಜವಾಗಿ ಕಟ್ಟಿದೆಯೋ, ಅಥವಾ ಅವನಿಗೆ ಪಾಠ ಕಲಿಸುವುದಕ್ಕೆ ಬೇಕೆಂದೇ ಕಟ್ಟಿಕೊಂಡು ಬಂದಿದ್ದಾರೋ? ಕಷಾಯದ ವಾಸನೆಯಂತೂ ನಿಜ. ಆದರೆ ಇಪ್ಪತ್ತೆರಡು ವರ್ಷ ಮಕ್ಕಳ ಹೊಟ್ಟೆನೋವುಗಳನ್ನು ನೋಡಿದ ಮನುಷ್ಯನಿಗೆ ಒಂದು ಗಂಟಲುನೋವು ನಟಿಸುವುದು ಕಷ್ಟವೇ? ಛೆ, ಎಂದು ತನ್ನನ್ನು ತಾನೇ ಬೈದುಕೊಂಡ. ಎಲ್ಲರೂ ನಿನ್ನ ಹಾಗೆ ಅಂದ್ಕೊಂಡ್ಯೇನೋ? 'ಉಫ್'.

ಅಂಗಳದಲ್ಲಿ ಹುಣಸೇಮರದ ಕೆಳಗೆ ಆಗಲೇ ಊರು ಸೇರಿತ್ತು. ಈ ಶಾಲೆಯಲ್ಲಿ ಹೆಡ್‌ಮೇಷ್ಟ್ರು ಮಾಡಿಟ್ಟ ಪದ್ಧತಿಯಂತೆ ಅವತ್ತೊಂದು ದಿನ ದೊಡ್ಡವರು ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಕೂರಬೇಕು, ಮಕ್ಕಳು ನಿಲ್ಲಬೇಕು. ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕುಳಿತ ಜಟಕಾ ಸಾಬರು, ಗಂಧದಕಡ್ಡಿ ಕಾರ್ಖಾನೆಯ ಹೆಂಗಸರು, ರೇಷ್ಮೆ ಗಿರಣಿಯ ಪಾಳಿ ಮುಗಿಸಿ ಕಣ್ಣು ಕೆಂಪು ಮಾಡಿಕೊಂಡು ಬಂದ ಅಪ್ಪಂದಿರು, ಹಳ್ಳಿ ಬಿಟ್ಟು ಬಂದು ಇನ್ನೂ ಪೇಟೆಯ ಚಪ್ಪಲಿ ಒಗ್ಗದ ತಾತಂದಿರು. ಮಕ್ಕಳ ತಲೆಗಳು ಎಣ್ಣೆಯಲ್ಲಿ ಮಿಂಚುತ್ತಿದ್ದವು; ಹೊಸ ಅಂಗಿಗಳು ಗಂಜಿಯಲ್ಲಿ ಪರಪರ ಅನ್ನುತ್ತಿದ್ದವು. ಒಂದು ಮಗು ಅಳುವುದಕ್ಕೆ ಶುರುಮಾಡಿದರೆ ಪಕ್ಕದ್ದು ಅದನ್ನು ಒಂದು ಕ್ಷಣ ಪರೀಕ್ಷೆ ಮಾಡಿ ನೋಡಿ, ಸರಿಯಾಗಿದೆ ಅನ್ನಿಸಿದ ಮೇಲೆ ತಾನೂ ಸೇರಿಕೊಳ್ಳುತ್ತಿತ್ತು. ವೆರಾಂಡದ ಗೋಡೆಯ ಮೇಲೆ ಹಳೆಯ ಮೈಸೂರಿನ ಭೂಪಟ. ಹೊಸ ನಕ್ಷೆ ಇನ್ನೂ ಬಾರದ್ದರಿಂದ ಹೆಡ್‌ಮೇಷ್ಟ್ರು ಹೊಸದಾಗಿ ಸೇರಿದ ಜಿಲ್ಲೆಗಳನ್ನೆಲ್ಲ ಸೀಮೆಸುಣ್ಣದಲ್ಲಿ ಗೋಡೆಯ ಮೇಲೇ ಬರೆದಿದ್ದರು. ರಾಜ್ಯ ಅರ್ಧ ಬಟ್ಟೆಯ ಮೇಲೂ ಅರ್ಧ ಸುಣ್ಣದ ಮೇಲೂ ಇತ್ತು. ಬೀದರಿನ ಪಕ್ಕದ ಮೊಳೆಗೆ ಯಾರದೋ ಟೋಪಿ ತಗುಲಿಸಿತ್ತು.

ಮಹದೇವು ಮೆಟ್ಟಿಲ ಮೇಲೆ ನಿಂತ. ಮೂರು ಅಡಿ ದೂರದ ಕುರ್ಚಿಯಲ್ಲಿ ಹೆಡ್‌ಮೇಷ್ಟ್ರು, ತೊಡೆಯ ಮೇಲೆ ಸ್ಲೇಟು. ಕಂಬದ ಹಿಂದೆ ಗೋವಿಂದರಾಜು. ಅವನ ಭುಜ ಈಗಾಗಲೇ ಅಲ್ಲಾಡುತ್ತಿತ್ತು. ನನ್ನ ದನಿಯಲ್ಲಿ, ನನ್ನದೇ ದನಿಯಲ್ಲಿ ಹೇಳುತ್ತೇನೆ, ಎಂದು ಮಹದೇವು ನಿರ್ಧರಿಸಿದ್ದ. ಎಡಗೈಯಲ್ಲಿ ಹಿಡಿದ ಕಾಗದದ ಮೇಲೆ ನಾಲ್ಕು ಹೊಸ ವಾಕ್ಯ ಗೀಚಿಕೊಂಡೂ ಇದ್ದ. ಬಾಯಿ ತೆರೆದ. "ಪೋಷಕರೆಲ್ಲರಿಗೂ ನಮಸ್ಕಾರ. ಅಲ್ಲ, ವಿಷಯ ಏನಪ್ಪಾ ಅಂದ್ರೆ..." ಹೊರಟದ್ದು ಒಂದು ತೆಳು, ಬಡಕಲು ದನಿ, ಯಾರ ಮನೆಯದೋ ಏನೋ. ಕಂಡಕ್ಟರಿಗೆ, ರೇಡಿಯೋದವಳಿಗೆ, ಇನ್‌ಸ್ಪೆಕ್ಟರಿಗೆ ಎಲ್ಲ ಕೋಣೆಗಳನ್ನೂ ಬಿಟ್ಟುಕೊಟ್ಟು, ಮನೆಯ ಯಜಮಾನ ಇಷ್ಟು ವರ್ಷ ಜಗಲಿಯಲ್ಲಿ ಮಲಗಿದ್ದನೇ? ಅಳುವ ಮಕ್ಕಳು ಆ ದನಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಿಂದಿನ ಬೆಂಚಿನಿಂದ ಜಟಕಾ ಓಡಿಸುವ ಕೆಂಪಯ್ಯ, ಇದೇ ಶಾಲೆಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿ ಮೂರು ಸಲ ಓಡಿಹೋದವನು, "ಏನೂ ಕೇಳ್ಸಾಕಿಲ್ಲ ಸಾ! ವಸಿ ಜೋರಾಗಿ!" ಎಂದು ಕೂಗಿದ. ಯಾರೋ ಕಿಸಕ್ಕೆಂದರು. ಮಹದೇವುವಿನ ಕಿವಿ ಬಿಸಿಯಾಯಿತು. ಕಾಗದದ ಮೇಲಿನ ನಾಲ್ಕು ವಾಕ್ಯ ಬೆವರಿಗೆ ಕದಡಿ ಒಂದಾದವು. ಅವನು ಉಸಿರು ಒಳಗೆಳೆದುಕೊಂಡ. ಆ ಉಸಿರು ಮೂಗಿನ ಬುಡದಲ್ಲಿ ಹೋಗಿ ಕುಳಿತದ್ದು ಅವನಿಗೆ ತಿಳಿಯಿತು. ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು.

"ಮಹನೀಯರೇ..."

ಎತ್ತಿನಗಾಡಿ ಹಳ್ಳಕ್ಕಿಳಿಯಿತು. ಅಂಗಳ ತಲೆಯೆತ್ತಿತು.

"ಮಾತೆಯರೇ..."

ಗಾಡಿ ಹಳ್ಳ ಹತ್ತಿತು.

"ಮಾತೆಯರ ಸೆರಗಿನೊಳಗೆ ಅವಿತುಕೊಂಡಿರುವ ಮಹನೀಯರೇ..."

ಗಪ್‌ಚಿಪ್. ಅಳುತ್ತಿದ್ದ ಮಕ್ಕಳು ಬಾಯಿ ತೆರೆದದ್ದು ತೆರೆದಂತೆಯೇ ನಿಂತವು. ಹಿಂದಿನ ಬೆಂಚಿನಲ್ಲಿ ಕೆಂಪಯ್ಯ ಬೀಡಿಯನ್ನು ಕಿವಿಯ ಹಿಂದಿನಿಂದ ತೆಗೆದು ಜೇಬಿಗೆ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿದ. ಇಪ್ಪತ್ತು ವರ್ಷದ ಹಿಂದಿನ ಭಯ ಅವನ ಬೆನ್ನಿಗೆ ಇನ್ನೂ ಬಾಯಿಪಾಠವಿತ್ತು. ಮಹದೇವು ನಿಲ್ಲಿಸಬೇಕೆಂದುಕೊಂಡ. ನಿಲ್ಲಿಸಲಾಗಲಿಲ್ಲ. ಮಾತು ಇಳಿಜಾರಿನ ಸೈಕಲ್ಲಿನ ಹಾಗೆ ತಾನೇ ಹೋಗುತ್ತಿತ್ತು, ಅವನು ಅದರ ಮೇಲೆ ಕೂತಿದ್ದ ಅಷ್ಟೆ. "ನಿಮ್ಮ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗುತ್ತೇವೆ ಎಂದು ನೀವು ತಿಳಿದಿದ್ದೀರಿ. ತಪ್ಪು. ಮಕ್ಕಳು ನಿಮ್ಮನ್ನು ಗೇಟಿನ ಆಚೆ ಬಿಟ್ಟು ಒಳಕ್ಕೆ ಬರುತ್ತಾರೆ. ಆದ್ದರಿಂದ ಅಳುವ ಹಕ್ಕು ಉಭಯತರಿಗೂ ಇದೆ. ಎರಡನೇ ಗಂಟೆಯವರೆಗೆ." ಹೆಂಗಸರು ನಕ್ಕರು, ಸೆರಗಿನಿಂದ ಕಣ್ಣೂ ಒರೆಸಿಕೊಂಡರು, ಪ್ರತಿ ವರ್ಷ ಇದೇ ಜಾಗದಲ್ಲಿ ಹೀಗೇ ನಕ್ಕು ಹೀಗೇ ಒರೆಸಿಕೊಳ್ಳುತ್ತಿದ್ದರು. ಸ್ಟೂಲಿನ ಮೇಲೆ ನಿಂತು ಈ ಮಾತನ್ನು ಎಷ್ಟು ಸಲ ಹೇಳಿದ್ದನೋ, ಆದರೆ ಇದು ಒಳ್ಳೆಯ ಮಾತು ಅಂತ ಮಹದೇವುವಿಗೆ ಹೊಳೆದದ್ದು ಇವತ್ತೇ. ಇದನ್ನು ಕೇಳಿ ಮೇಷ್ಟ್ರುಗಳು ನಗುವ ನಗು ಬೇರೆ, ಈ ಹೆಂಗಸರು ನಗುವ ನಗು ಬೇರೆ. ಒಂದೇ ದನಿ, ಒಂದೇ ಗಂಟಲು. ಹಾಗೆಂದುಕೊಳ್ಳುತ್ತಿರುವಾಗ ಅವನ ಬಲಗೈ ಮೇಲಕ್ಕೆದ್ದಿತು. ಯಾಕೆ ಏಳುತ್ತಿದೆ ಎಂದು ಅವನೇ ನೋಡುತ್ತಿದ್ದ. ಅದು ಮೂಗಿನ ಮೇಲಿಂದ, ಅಲ್ಲಿ ಇಲ್ಲದ ಕನ್ನಡಕವನ್ನು ಮೆಲ್ಲಗೆ ತೆಗೆದು, ಹೆಗಲ ಮೇಲೆ ಇಲ್ಲದ ಉತ್ತರೀಯದ ಅಂಚಿಗೆ ಒಂದು, ಎರಡು, ಮೂರು ಸಲ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಕಿವಿಗೆ ಏರಿಸಿತು.

ಕಂಬದ ಹಿಂದಿನಿಂದ ಗೋವಿಂದರಾಜು ಹಂದಿಮರಿಯ ಹಾಗೆ ಒಂದು ಸದ್ದು ಮಾಡಿದ. ಅಂಗಳದಲ್ಲಿ ಹಳೆಯ ವಿದ್ಯಾರ್ಥಿಗಳಾಗಿದ್ದ ಅಪ್ಪಂದಿರೆಲ್ಲ ಒಮ್ಮೆ ಮಹದೇವುವನ್ನು ನೋಡಿದರು, ಒಮ್ಮೆ ಕುರ್ಚಿಯನ್ನು ನೋಡಿದರು. ಕೆಂಪಯ್ಯ "ಅಯ್ ಶಿವನೇ" ಅಂದ. ಮಹದೇವುವಿಗೆ ಕುರ್ಚಿಯ ಕಡೆ ತಿರುಗುವ ಧೈರ್ಯವಾಗಲಿಲ್ಲ. ಬಿಸಿಲಲ್ಲಿ ನಡೆದುಹೋಗುವ ಆ ಬೆನ್ನು. ಏಪ್ರಿಲ್‌ನಲ್ಲಿ ಕೇಳಿಸಿಕೊಂಡಿದ್ದರೋ ಇಲ್ಲವೋ, ಈಗಂತೂ ಕೇಳಿಸಿಕೊಂಡರು, ಕಂಡುಕೊಂಡರು, ಊರೆಲ್ಲ ಸಾಕ್ಷಿ. ಭಾಷಣದ ಕೊನೆಯ ಭಾಗ ಒಂದೇ ಬಾಕಿ. ಅದನ್ನು ಅವನು ಯಾರ ದನಿಯಲ್ಲಿ ಹೇಳಿದನೋ ಅವನಿಗೇ ಗೊತ್ತಾಗಲಿಲ್ಲ. "ಈಗ ಎಲ್ಲರೂ, ಮೊದಲು ದೊಡ್ಡವರು, ಬಲಗೈ ಎತ್ತಿ, ತಲೆಯ ಮೇಲಿಂದ ಎಡಗಿವಿ ಹಿಡಿಯಿರಿ. ಮಕ್ಕಳಿಗೆ ಕಾಣಲಿ. ಇದಕ್ಕೆ ಹೆದರಬೇಕಾದ್ದಿಲ್ಲ."

ಅಂಗಳದ ತುಂಬ ಕೈಗಳೆದ್ದವು. ತಾತಂದಿರ ರುಮಾಲು ಜಾರಿದವು, ಹೆಂಗಸರ ಬಳೆಗಳು ಮೊಣಕೈವರೆಗೆ ಸರ್ರನೆ ಇಳಿದವು. ಕೆಂಪಯ್ಯ, "ಮೇಷ್ಟ್ರೇ, ನನಗೂ ಆರು ತುಂಬೈತೆ, ಸೇರುಸ್ಕೊಳಿ!" ಅಂದ. ಅವನ ಹೆಂಡತಿ, "ಆರು ತುಂಬುದ್ದೇ ಡೌಟು, ಕುಂತ್ಕಳಿ ಸುಮ್ಕೆ," ಅಂದಳು. ಅಪ್ಪ ಅಮ್ಮಂದಿರು ತಮ್ಮ ತಮ್ಮ ಕಿವಿ ಹಿಡಿದು ಕುಳಿತದ್ದನ್ನು ಕಂಡ ಮಕ್ಕಳಿಗೆ ಮೈಯಲ್ಲಿ ಹೊಸ ಹುರುಪು ಬಂತು. ಮೇಜು ಹಾಕಿದರು. ಶಾಂತಾದೇವಿಯವರು ದಾಖಲೆ ಪುಸ್ತಕ ಬಿಚ್ಚಿದರು, ಕಲ್ಲುಸಕ್ಕರೆಯ ತಟ್ಟೆ ಬಂತು. ಮಹದೇವು ಒಂದೊಂದೇ ಮಗುವಿನ ಕೈ ಎತ್ತಿಸಿ, ಕಿವಿ ನೋಡಿ, ಹೆಸರು ಹೇಳುತ್ತಾ ಹೋದ. ಹೆಡ್‌ಮೇಷ್ಟ್ರು ಕುರ್ಚಿ ಬಿಟ್ಟು ಎದ್ದು ಬಂದು ಅವನ ಬೆನ್ನ ಹಿಂದೆ ನಿಂತದ್ದು ಕಷಾಯದ ವಾಸನೆಯಿಂದ ಗೊತ್ತಾಯಿತು. ಹನ್ನೊಂದು ಕಿವಿ ಆದವು. ಒಂದೊಂದು ಕಿವಿಗೂ ಒಂದೊಂದು 'ಉಫ್'. 

ಹನ್ನೆರಡನೆಯವಳು ಶಿವನಂಜಿ. ಅಜ್ಜಿ ಬೆಟ್ಟಮ್ಮನ ಸೀರೆಯ ನೆರಿಗೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಸರದಿಯಲ್ಲಿ ಅರ್ಧ ಗಂಟೆಯಿಂದ ರೆಪ್ಪೆ ಬಡಿಯದೆ ಮಹದೇವುವನ್ನೇ ನೋಡುತ್ತಾ ನಿಂತಿದ್ದ ಹುಡುಗಿ. ಗುಂಡಗೆ, ಗಿಡ್ಡಗೆ, ಕುಂಬಳದ ಹೀಚಿನ ಹಾಗೆ. ಅವಳ ಕೈ ತಲೆಯ ನಡುಮಧ್ಯದ ಬೈತಲೆವರೆಗೆ ಬಂದು ನಿಂತಿತು. ಕಿವಿಗೆ ಇನ್ನೂ ಎರಡು ಬೆರಳು ದೂರ.

"ಆರಾಗೋಗದೆ ಬುದ್ದಿ," ಬೆಟ್ಟಮ್ಮ ಅಂದಳು. "ನಮ್ ಕೆಂದ ಹಸ ಎರಡ್ನೇ ಕರ ಹಾಕದ ವರ್ಸ ಹುಟ್ಟುದ್ಲು. ಬೇಕಾರೆ ಹಸೂನೇ ಕೇಳಿ. ಇವಳವ್ವ ಕಡ್ಡಿ ಹೊಸೆಯಕ್ಕೆ ಓಯ್ತಾಳೆ, ಮನೇಲಿ ನನ್ ಕಣ್ಣು ಕಾಣಾಕಿಲ್ಲ. ಎಲ್ಲಿಗೆ ಬುಡ್ಲಿ ಇದನ್ನ?"

"ಅಜ್ಜಿ, ಕಿವಿ ಸಿಕ್ಕದೆ..." ಮಹದೇವು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ಇನ್ನೂ ಸ್ವಲ್ಪ ಎಳಿ ಪುಟ್ಟ. ಇನ್ನೂ ಸ್ವಲ್ಪ." ಮೊಣಕೈಯನ್ನು ತಾನೇ ಒಂದಿಷ್ಟು ಒತ್ತಿಬಿಡಲೇ? ಕಿವಿ ಸುಳ್ಳು ಹೇಳೋದಿಲ್ಲ. ಆ ಮಾತು ಹೇಳಿದವರು ಹಿಂದೆಯೇ ನಿಂತಿದ್ದಾರೆ. ಹುಡುಗಿಯ ತುಟಿ ನಡುಗಿತು. ಕತ್ತು ಕೊಕ್ಕರೆಯ ಹಾಗೆ ಸೆಟೆಯಿತು. ಸೆಟೆದಷ್ಟೂ ಕಿವಿ ದೂರ ಹೋಯಿತು. ಅವನಿಗೆ ತನ್ನ ಕಂಕುಳಲ್ಲಿ ತಣ್ಣನೆಯ ಗಾಳಿ ಆಡಿದಂತಾಯಿತು.

ಭುಜದ ಮೇಲೆ ಒಂದು ಕೈ ಬಿತ್ತು. ಹೆಡ್‌ಮೇಷ್ಟ್ರು ಅವನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಸ್ಲೇಟನ್ನು ಮೇಜಿನ ಮೇಲಿಟ್ಟರು. ಆಮೇಲೆ, ಹದಿನೆಂಟು ವರ್ಷದಲ್ಲಿ ಯಾರೂ ಕಾಣದ ಕೆಲಸ ಮಾಡಿದರು. ಎರಡು ಕೈಯಲ್ಲೂ ಜರಿಪೇಟ ಎತ್ತಿ ಬೆಟ್ಟಮ್ಮನ ಕೈಗೆ ಕೊಟ್ಟರು. ಬೆಟ್ಟಮ್ಮ ಅದನ್ನು ಮಂಗಳಾರತಿ ತಟ್ಟೆಯ ಹಾಗೆ ಹಿಡಿದುಕೊಂಡಳು. ಪೇಟದ ಕೆಳಗಿನ ತಲೆ ಮೊರದಲ್ಲಿಟ್ಟ ಸೋರೆಯ ಹಾಗೆ ನುಣ್ಣಗೆ, ಬೆಳ್ಳಗೆ ಹೊಳೆಯಿತು. ಒಂದೇ ಒಂದು ಕೂದಲಿರಲಿಲ್ಲ. ಅಂಗಳಕ್ಕೆ ಅಂಗಳವೇ ಉಸಿರು ಹಿಡಿಯಿತು. ಹೆಡ್‌ಮೇಷ್ಟ್ರು ಕೋಟಿನ ತೋಳನ್ನು ಎರಡು ಮಡಿಕೆ ಮೇಲಕ್ಕೆ ಸರಿಸಿದರು. ಬಗ್ಗಿ, ಬಲಗಾಲಿನ ಪಂಚೆಗೆ ಇಲ್ಲದ ಸೈಕಲ್ ಕ್ಲಿಪ್ಪನ್ನು ಮುಟ್ಟಿ ನೋಡಿಕೊಂಡರು. ಒಂದು ಭುಜ ಮೇಲೆ, ಒಂದು ಭುಜ ಕೆಳಗೆ, ತುದಿಗಾಲಲ್ಲಿ ಮೂರು ಹೆಜ್ಜೆ, ಯಾರೋ ಹಿಂದಿನಿಂದ ಕರೆದಾರೆಂಬಂತೆ ಅರ್ಧ ತಿರುಗಿ, ಇನ್ನೂ ಒಂದು ಹೆಜ್ಜೆ. ಕುಕ್ಕರಗಾಲಲ್ಲಿ ಹುಡುಗಿಯ ಮುಂದೆ ಕುಳಿತರು. ಕೆಳತುಟಿಯನ್ನು ಮುಂದಕ್ಕೆ ಚಾಚಿದರು. 'ಉಫ್' ಎಂದು ಆ ಬೋಳು ಹಣೆಯ ಮೇಲಕ್ಕೆ, ಅಲ್ಲಿ ಇಲ್ಲದ ಗುಂಗುರಿಗೆ, ಊದಿದರು. ಊದಿ, ಅದು ಸರಿಯಾಗಿ ಕುಳಿತಿತೋ ಇಲ್ಲವೋ ಎಂದು ಎರಡು ಬೆರಳಿನಿಂದ ತಟ್ಟಿದರು.

ಶಾಂತಾದೇವಿಯವರ ಸೆರಗು ಬಾಯಿಗೆ ಹೋಯಿತು. ಗೋವಿಂದರಾಜು ಕಂಬ ಬಿಟ್ಟು ನೆಲಕ್ಕೆ ಕುಳಿತ. ಅಂಗಳ ಗೊಳ್ಳೆಂದಿತು. ಮಹದೇವು ಒಬ್ಬನೇ ಹುಬ್ಬು ಗಂಟಿಕ್ಕಿ ನಿಂತಿದ್ದ. ಇದು ಯಾರು? ಮೈಸೂರಿನಲ್ಲಿ ಯಾರು ಎರಡು ಹೆಜ್ಜೆ ನಡೆದರೂ ಹೆಸರು ಹೇಳುತ್ತಿದ್ದ ಅವನಿಗೆ ಈ ಮನುಷ್ಯ ಯಾರೆಂದು ಗುರುತಾಗಲಿಲ್ಲ. ಎಲ್ಲೋ ನೋಡಿದ ಹಾಗಿದೆ. ಸ್ವಲ್ಪ ಪುಕ್ಕಲ. ಸ್ವಲ್ಪ ಜಂಬಗಾರ. ಪಾಪದವನು. ಅಷ್ಟರಲ್ಲಿ ಶಿವನಂಜಿ, ಒಂದು ಕೈ ತಲೆಯ ಮೇಲೆ ಹಾಗೇ ಇರುವಂತೆಯೇ, ಇನ್ನೊಂದು ಕೈಯ ಬೆರಳನ್ನು ನೇರವಾಗಿ ಮಹದೇವುವಿನ ಕಡೆ ಚಾಚಿದಳು.

"ಇವ್ರು!" ಅಂದಳು.

ಅಂದವಳೇ ನಕ್ಕಳು. ನಗು ಹೊಟ್ಟೆಯಿಂದ ಹೊರಟು ಭುಜ ಕುಲುಕಿಸಿ ಕತ್ತಿಗೆ ಬಂತು. ಸೆಟೆದಿದ್ದ ಕತ್ತು ಸಡಿಲಿತು, ತಲೆ ಬಲಕ್ಕೆ ವಾಲಿತು, ತಲೆಯ ಮೇಲಿದ್ದ ಬೆರಳುಗಳು ಜಾರಿ ಹೋಗಿ ಎಡಗಿವಿಯ ತುದಿಯನ್ನು ಗಪ್ಪನೆ ಹಿಡಿದುಕೊಂಡವು. ಹೆಡ್‌ಮೇಷ್ಟ್ರು ಶಾಂತಾದೇವಿಯವರ ಕಡೆ ತಿರುಗಿ, ದಾಖಲೆ ಪುಸ್ತಕದ ಮೇಲೆ ಬೆರಳಿನಿಂದ ಟಕ್ ಎಂದು ಒಂದು ಸಲ ತಟ್ಟಿದರು. ಜೂನ್ ಒಂದು.

 ಇಷ್ಟು ವರ್ಷ ಸಿಕ್ಕದೆ ಇದ್ದ ನೆನಪು ಈಗ ಮಹದೇವುವಿಗೆ ಸಿಕ್ಕಿತು. ಇದೇ ಮೆಟ್ಟಿಲು, ಕುರ್ಚಿಯಲ್ಲಿ ಆಗಿನ ಹೆಡ್‌ಮೇಷ್ಟ್ರು, ನಗಾರಿಯಷ್ಟು ಹೊಟ್ಟೆಯವರು, ಬಾಯಿ ಅಷ್ಟಗಲ ತೆರೆದು ತೂಕಡಿಸುತ್ತಿದ್ದಾರೆ. ಅವರ ಕುರ್ಚಿಯ ಹಿಂದೆ, ತಲೆತುಂಬ ಕೂದಲಿದ್ದ ಒಬ್ಬ ಸಣಕಲು ಎಳೆಯ ಮೇಷ್ಟ್ರು, ಕೋಟಿನೊಳಗೆ ಗಾಳಿ ತುಂಬಿಕೊಂಡವರ ಹಾಗೆ ಹೊಟ್ಟೆ ಮುಂದೆ ಮಾಡಿ, ಬಾಯಿ ತೆರೆದು, ಕಣ್ಣು ಮುಚ್ಚಿ, ಮೆಲ್ಲಗೆ ಮುಂದಕ್ಕೆ ತೂಗಿ, ಬೀಳುವಷ್ಟರಲ್ಲಿ ಬೆಚ್ಚಿ ಎದ್ದು, ಅಕ್ಕಪಕ್ಕ ನೋಡಿ, ಅಳುತ್ತಿದ್ದ ಒಬ್ಬ ಹುಡುಗನ ಕಡೆ ತುಟಿಗೆ ಬೆರಳಿಟ್ಟು 'ಶ್' ಅನ್ನುತ್ತಾರೆ. ಬೆಂಡೆಕಾಯಿ ಕೈಯ ಹುಡುಗ ನಗುತ್ತಾನೆ. ನಕ್ಕ ನಗುವಿನ ಸಮೇತ ಆ ಕಾಯಿಲೆ ಅವನಿಗೆ ಅವತ್ತೇ ಅಂಟಿಕೊಂಡಿತು. ಯಾರಿಂದ ಅಂಟಿತೆಂಬುದನ್ನು ಮಾತ್ರ ಮರೆತುಬಿಟ್ಟ.

ಬೆಟ್ಟಮ್ಮ ಪೇಟವನ್ನು ತಾನೇ ಹೆಡ್‌ಮೇಷ್ಟ್ರ ತಲೆಗೆ ಇಟ್ಟಳು. ಸ್ವಲ್ಪ ಸೊಟ್ಟಗೆ ಕುಳಿತಿತು. "ಬುದ್ದಿಯೋರು ನೂರ್ ಕಾಲ ಬಾಳ್ಬೇಕು. ಈ ಮೇಷ್ಟ್ರೂವೆ," ಎಂದು ಮಹದೇವುವಿನ ಕಡೆ ಕೈ ತೋರಿಸಿ, "ಇವ್ರನ್ನ ನೋಡಿ ನಮ್ ಕೂಸು ನಗಾಡ್ತು," ಅಂದಳು. ಶಿವನಂಜಿ ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು, ಕೆಳತುಟಿ ಚಾಚಿ, ತನ್ನ ಎಣ್ಣೆ ಹಾಕಿ ಬಾಚಿದ ಹಣೆಗೂದಲ ಮೇಲಕ್ಕೆ ಒಂದು ಸಲ ಊದಿ ನೋಡಿದಳು. ಎಂಜಲು ಸಿಡಿಯಿತು. ಎರಡನೇ ಗಂಟೆ ಹೊಡೆಯಿತು. ಅಳುವ ಹಕ್ಕು ಮುಗಿದದ್ದರಿಂದ ತಾಯಂದಿರು ಮೂಗು ಒರೆಸಿಕೊಂಡು ಗೇಟಿನ ಕಡೆ ಹೊರಟರು.

"ಸಾರ್," ಮಹದೇವು ಅಂದ. ಈ ಸಲ ಬಂದದ್ದು ಜಗಲಿಯಲ್ಲಿ ಮಲಗಿದ್ದವನ ದನಿಯೇ. ತೆಳ್ಳಗೇ ಇತ್ತು, ಆದರೆ ಮನೆಯದೇ ಅನ್ನಿಸಿತು. "ಸಾರ್, ನಾನು ಏಪ್ರಿಲ್‌ನಲ್ಲಿ..."

ಹೆಡ್‌ಮೇಷ್ಟ್ರು ಕೈ ಎತ್ತಿ ತಡೆದರು. ಸ್ಲೇಟನ್ನು ತೊಡೆಗೆ ಆನಿಸಿ, ಬಳಪವನ್ನು ನಾಲಿಗೆಗೆ ತಾಗಿಸಿ, ಒಂದು ದೀರ್ಘವನ್ನೂ ಬಿಡದೆ, ಅವಸರವಿಲ್ಲದೆ ಬರೆದರು. ಕನ್ನಡಕ ತೆಗೆದು ಎಡಗೈಯಿಂದ ಉತ್ತರೀಯದ ಅಂಚಿಗೆ ಮೂರು ಸಲ ಒರೆಸಿ ಹಾಕಿಕೊಂಡು, ಬರೆದದ್ದನ್ನು ತಾವೊಮ್ಮೆ ಓದಿ, ಒಂದು ಕಡೆ ಒತ್ತು ತಿದ್ದಿ, ಸ್ಲೇಟನ್ನು ಅವನ ಕೈಗೇ ಕೊಟ್ಟು, ಗೋಡೆಗೆ ಒರಗಿದ್ದ ಕೊಡೆ ತೆಗೆದುಕೊಂಡು ತರಗತಿಗಳ ಕಡೆ ನಡೆದರು. ಮಹದೇವು ಓದಿದ.

'ಏಪ್ರಿಲ್‌ನಲ್ಲಿ ನೀನು ಎಡಗೈಯಲ್ಲೇ ಒರೆಸಿದ್ದೆ. ಇವತ್ತು ಯಾಕೆ ಬಲಗೈ?'